ಎಂಆರ್‌ಪಿಎಲ್ ಷೇರಿಗೆ ಹತ್ತು ವರ್ಷದ ಲೆಕ್ಕ: ಒಂದು ಶೀಟ್ ಕಟ್ಟಿದ ವಿವರ

ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಒಂದು ಷೇರಿನ ಬೆಲೆ 130 ರೂಪಾಯಿ ಅಂತ ಇಟ್ಟುಕೊಳ್ಳಿ. 2023-24ರ ಪ್ರತಿ ಷೇರಿನ ಲಾಭದಿಂದ ಭಾಗಿಸಿದರೆ ಪಿಇ, ಅಂದರೆ ಬೆಲೆ ಮತ್ತು ಲಾಭದ ಅನುಪಾತ, 6.3 ಬರುತ್ತದೆ. 2024-25ರ ಲಾಭದಿಂದ ಭಾಗಿಸಿದರೆ 448 ಬರುತ್ತದೆ. ಕಂಪನಿ ಅದೇ, ಷೇರುಗಳ ಸಂಖ್ಯೆ ಅದೇ, ಕುತ್ತೆತ್ತೂರಿನ ರಿಫೈನರಿ ಇದ್ದ ಜಾಗದಲ್ಲೇ ಉಂಟು. ಬದಲಾದದ್ದು ಒಂದು ವರ್ಷದ ಲಾಭ ಮಾತ್ರ.

ಕೃಷ್ಣಾಪುರದಲ್ಲಿ ನಮ್ಮ ಪಕ್ಕದ ಮನೆಯ ಮಾಷ್ಟ್ರ ಹತ್ತಿರ ಈ ಷೇರು ಹಲವು ವರ್ಷದಿಂದ ಇದೆ. ಅವರ ಮೊಬೈಲಿನ ಆ್ಯಪ್‌ನಲ್ಲಿ ಪಿಇ ನಾನ್ನೂರು ದಾಟಿದ್ದು ಕಂಡು ಅವರಿಗೆ ಗಾಬರಿಯಾಗಿತ್ತು. "ಎಂತ ಮಾರಾಯಾ ಇದು? ಹೋದ ವರ್ಷ ಚೀಪ್ ಅಂತ ತೋರಿಸುತ್ತಿತ್ತು, ಈಗ ಇಷ್ಟು ದುಬಾರಿಯಾ? ಮಾರಿ ಬಿಡುವುದಾ?" ಅಂತ ಕೇಳಿದರು. "ಸ್ವಲ್ಪ ತಡೆಯಿರಿ ಮಾಷ್ಟ್ರೇ, ಹತ್ತು ವರ್ಷದ್ದು ಹಾಕಿ ನೋಡುವ" ಅಂದೆ. ಈ ಶೀಟ್ ಹುಟ್ಟಿದ್ದು ಹಾಗೆ.

ಪಿಇ ಅಂದರೆ ಷೇರಿನ ಬೆಲೆಯನ್ನು ಒಂದು ವರ್ಷದ ಪ್ರತಿ ಷೇರಿನ ಲಾಭದಿಂದ ಭಾಗಿಸುವುದು, ಅಷ್ಟೆ. ಸೋಪು, ಬಿಸ್ಕೆಟ್ ಮಾರುವ ಕಂಪನಿಗೆ ಇದು ನಡೆಯುತ್ತದೆ. ಅಲ್ಲಿ ಒಂದು ವರ್ಷ ಇನ್ನೊಂದರ ಹಾಗೇ ಇರುತ್ತದೆ. ರಿಫೈನರಿಗೆ ನಡೆಯುವುದಿಲ್ಲ. ಕಚ್ಚಾ ತೈಲ ಕೊಂಡ ಬೆಲೆ ಮತ್ತು ಪೆಟ್ರೋಲ್, ಡೀಸೆಲ್ ಮಾರಿದ ಬೆಲೆ, ಇವೆರಡರ ನಡುವಿನ ಸಣ್ಣ ಅಂತರವೇ ಅದರ ಜೀವ. ಆ ಅಂತರ ಒಂದು ವರ್ಷ ಹಿಗ್ಗುತ್ತದೆ, ಮರುವರ್ಷ ಕುಗ್ಗುತ್ತದೆ. ಟ್ಯಾಂಕಿನಲ್ಲಿ ತುಂಬಿಟ್ಟ ತೈಲದ ಬೆಲೆ ಏಕಾಏಕಿ ಇಳಿದರೆ ಕೊಂಡ ಮಾಲಿನ ಮೇಲೆಯೇ ನಷ್ಟ. ಮಲ್ಪೆಯಲ್ಲಿ ಒಂದು ಸೀಸನ್ನಿನ ಮೀನು ನೋಡಿ ಯಾರೂ ಬೋಟಿಗೆ ಬೆಲೆ ಕಟ್ಟುವುದಿಲ್ಲ ಅಲ್ವಾ? ರಿಫೈನರಿಗೂ ಹಾಗೆ ಕಟ್ಟಬಾರದು.

ಯೋಚನೆ ಹಳೆಯದೇ. ಅಮೆರಿಕದಲ್ಲಿ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲೇ ಹೇಳಿದ್ದರು: ಒಂದು ವರ್ಷದ ಲಾಭ ನೋಡಬೇಡಿ, ಕನಿಷ್ಠ 5 ವರ್ಷದ್ದು, ಸಾಧ್ಯವಾದರೆ 7 ಅಥವಾ 10 ವರ್ಷದ್ದು ಸರಾಸರಿ ಮಾಡಿ ಅಂತ. 1988ರಲ್ಲಿ ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್ ಇದಕ್ಕೆ ಹಣದುಬ್ಬರವನ್ನೂ ಸೇರಿಸಿದರು. ಹಳೆಯ ಲಾಭಗಳನ್ನು ಇಂದಿನ ದುಡ್ಡಿಗೆ ತಂದು, ಆಮೇಲೆ ಸರಾಸರಿ. ಇದನ್ನೇ ಈಗ ಶಿಲ್ಲರ್ ಪಿಇ ಅಥವಾ ಕೇಪ್ ಅನ್ನುತ್ತಾರೆ. ಅಮೆರಿಕದ ಮಾರುಕಟ್ಟೆಗೆ ಈ ಸಂಖ್ಯೆ 1999ರ ಕೊನೆಗೆ 44ರ ಹತ್ತಿರ ಹೋಗಿತ್ತು. ಮರುವರ್ಷ ಅಲ್ಲಿ ಷೇರುಗಳು ಕುಸಿಯಲು ಶುರುವಾದವು. ಶಿಲ್ಲರ್‌ಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಒಂದು ವಿಷಯ ಮೊದಲೇ ಹೇಳಬೇಕು. ಶಿಲ್ಲರ್ ಈ ಅಳತೆ ಮಾಡಿದ್ದು ಇಡೀ ಮಾರುಕಟ್ಟೆಗೆ. ನೂರಾರು ಕಂಪನಿ ಸೇರಿದಾಗ ಒಂದರ ಏರು ಇನ್ನೊಂದರ ಇಳಿತವನ್ನು ಸರಿದೂಗಿಸುತ್ತದೆ. ಒಂದೇ ಕಂಪನಿಗೆ ಇಳಿಸುವಾಗ ಆ ಅನುಕೂಲ ಇಲ್ಲ. ಆ ಕಂಪನಿ ಹತ್ತು ವರ್ಷ ಹೆಚ್ಚುಕಡಿಮೆ ಅದೇ ಕಂಪನಿಯಾಗಿ ಉಳಿದಿರಬೇಕು. ಎಂಆರ್‌ಪಿಎಲ್ ನನಗೆ ಸರಿ ಅನ್ನಿಸಿದ್ದು ಇದೇ ಕಾರಣಕ್ಕೆ. ವಿಸ್ತರಣೆಯ ಮೂರನೇ ಹಂತದ ಕೆಲಸ ಮುಗಿದು, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಮಾಡುವ ಘಟಕವೂ ಸೇರಿ, ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಈಗಿನ ರೂಪಕ್ಕೆ ಬಂದದ್ದು 2015ರ ಸುಮಾರಿಗೆ. ಅಲ್ಲಿಂದೀಚೆಗೆ ಷೇರುದಾರರಿಗೆ ಪುಕ್ಕಟೆಯಾಗಿ ಬೋನಸ್ ಷೇರು ಕೊಟ್ಟದ್ದಿಲ್ಲ, ಒಂದು ಷೇರನ್ನು ಹಲವು ಷೇರಾಗಿ ಒಡೆದದ್ದಿಲ್ಲ. ಸುಮಾರು 175.26 ಕೋಟಿ ಷೇರು ಹಾಗೇ ಇವೆ. ಹಾಗಾಗಿ 2015-16ರಿಂದ 2024-25, ಸರಿಯಾಗಿ ಹತ್ತು ವರ್ಷ.

ಯಾವ ಲಾಭ ಹಾಕುವುದು

ಕಂಪನಿಯ ವಾರ್ಷಿಕ ವರದಿಗಳು ಅದರ ವೆಬ್‌ಸೈಟಿನಲ್ಲೂ ಸ್ಟಾಕ್ ಎಕ್ಸ್‌ಚೇಂಜ್‌ಗಳ ಸೈಟಿನಲ್ಲೂ ಪಿಡಿಎಫ್ ಆಗಿ ಸಿಗುತ್ತವೆ. ಅದರಲ್ಲಿ ಸ್ಟ್ಯಾಂಡ್‌ಅಲೋನ್, ಕನ್ಸಾಲಿಡೇಟೆಡ್ ಅಂತ ಎರಡು ಲೆಕ್ಕ. ಸಾಮಾನ್ಯವಾಗಿ ಕನ್ಸಾಲಿಡೇಟೆಡ್ ತೆಗೆದುಕೊಳ್ಳುವುದು ಒಳ್ಳೆಯದು, ಅಂಗಸಂಸ್ಥೆಗಳೂ ಅದರಲ್ಲಿ ಬರುತ್ತವೆ; ಸ್ಟ್ಯಾಂಡ್‌ಅಲೋನ್ ಅಂದರೆ ಆ ಒಂದು ಕಂಪನಿಯದ್ದು ಮಾತ್ರ. ನಾನು ಇಲ್ಲಿ ಸ್ಟ್ಯಾಂಡ್‌ಅಲೋನ್ ಹಾಕಿದೆ. ಹತ್ತು ವರ್ಷಕ್ಕೂ ಒಂದೇ ಬಗೆಯ ಅಂಕಿ ಸುಲಭವಾಗಿ ಸಿಗುವುದು ಅದರಲ್ಲೇ. ಯಾವುದಾದರೂ ಒಂದನ್ನು ಹಿಡಿಯಿರಿ, ಅರ್ಧ ಅದು ಅರ್ಧ ಇದು ಮಾಡಬೇಡಿ.

ಒಂದು ತೊಡಕು ಉಂಟು. ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿದ್ದ ಓಎಂಪಿಎಲ್ ಎಂಬ ಅಂಗಸಂಸ್ಥೆ ಆಮೇಲೆ ಎಂಆರ್‌ಪಿಎಲ್‌ನಲ್ಲೇ ವಿಲೀನವಾಯಿತು. ಹೀಗೆ ವಿಲೀನವಾದಾಗ ಹೊಸ ವರದಿಯಲ್ಲಿ ಹಿಂದಿನ ವರ್ಷದ ಅಂಕಿಯೂ ತಿದ್ದಿ ಅಚ್ಚಾಗಿರುತ್ತದೆ. 2020-21ಕ್ಕೆ ಆ ವರ್ಷ ಪ್ರಕಟವಾದ ಮೂಲ ಅಂಕಿಯನ್ನೇ ನಾನು ಇಟ್ಟುಕೊಂಡೆ. ತಿದ್ದಿದ ಅಂಕಿ ಹಾಕುವವರಿಗೆ ನಷ್ಟ ಇನ್ನೂ ಜಾಸ್ತಿ ಬರುತ್ತದೆ. ಶೀಟಿನ ಆ ಸೆಲ್‌ಗೆ ಒಂದು ಟಿಪ್ಪಣಿ ಅಂಟಿಸಿಟ್ಟಿದ್ದೇನೆ. ನಾಳೆ ಬೇರೆ ಯಾರಾದರೂ ತೆರೆದರೂ ಗೊತ್ತಾಗಬೇಕು.

ಯಾವ ಹಣದುಬ್ಬರ ಹಾಕುವುದು

ನಮ್ಮ ಕಡೆ ಜಾಗ ಮಾರಿದವರಿಗೆಲ್ಲ ಆದಾಯ ತೆರಿಗೆಯ ವೆಚ್ಚ ಹಣದುಬ್ಬರ ಸೂಚ್ಯಂಕ ಗೊತ್ತು. 2001-02ಕ್ಕೆ 100, 2015-16ಕ್ಕೆ 254, 2024-25ಕ್ಕೆ 363. ವರ್ಷಕ್ಕೊಂದೇ ಸಂಖ್ಯೆ, ನೋಡಲಿಕ್ಕೆ ಚೆಂದ. ಅದನ್ನೇ ಹಾಕಿದರೆ ಆಯಿತಲ್ಲ ಅನ್ನಿಸುತ್ತದೆ. ಹಾಕಬಾರದು. ಆ ಸೂಚ್ಯಂಕ ಹಿಂದಿನ ವರ್ಷದ ನಗರ ಬೆಲೆ ಸೂಚ್ಯಂಕದ ಏರಿಕೆಯಲ್ಲಿ 75% ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತೆರಿಗೆಗೆ ಅದು ಸರಿ ಇರಬಹುದು, ದುಡ್ಡಿನ ಬೆಲೆ ಎಷ್ಟು ಇಳಿಯಿತು ಅಂತ ಹೇಳಲಿಕ್ಕೆ ಸಾಲದು. 363ನ್ನು 254ರಿಂದ ಭಾಗಿಸಿದರೆ 1.43. ನಿಜವಾದ ಗ್ರಾಹಕ ಬೆಲೆ ಏರಿಕೆ ಹಾಕಿದರೆ 1.55ರ ಹತ್ತಿರ ಬರುತ್ತದೆ. ಹತ್ತು ವರ್ಷ ಹಿಂದಿನ ಪ್ರತಿ ನೂರು ರೂಪಾಯಿಯಲ್ಲಿ 12 ರೂಪಾಯಿ ಕಾಣೆಯಾದ ಹಾಗೆ.

ಹಾಗಾಗಿ ಕೇಂದ್ರ ಅಂಕಿಅಂಶ ಸಚಿವಾಲಯದ ಗ್ರಾಹಕ ಬೆಲೆ ಸೂಚ್ಯಂಕ, ಹಳ್ಳಿ ಮತ್ತು ನಗರ ಎರಡೂ ಸೇರಿದ್ದು. ಪ್ರತಿ ತಿಂಗಳ 12ರ ಸುಮಾರಿಗೆ ಪ್ರಕಟವಾಗುವುದು ಇದೇ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ 12 ತಿಂಗಳ ಸರಾಸರಿ ತೆಗೆದುಕೊಳ್ಳಬೇಕು, ಕಂಪನಿಯ ಲೆಕ್ಕದ ವರ್ಷವೂ ಅದೇ ಆಗಿರುವುದರಿಂದ. ವರ್ಷದ ಸರಾಸರಿ ಏರಿಕೆ ಹೀಗಿದೆ: 2016-17ರಲ್ಲಿ 4.5%, ಆಮೇಲೆ ಕ್ರಮವಾಗಿ 3.6, 3.4, 4.8, 6.2, 5.5, 6.7, 5.4, ಕೊನೆಗೆ 2024-25ರಲ್ಲಿ 4.6. 2020ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಲಾಕ್‌ಡೌನ್ ಇದ್ದು ಅಂಗಡಿಗಳಿಗೆ ಹೋಗಿ ಬೆಲೆ ಕೇಳಲಿಕ್ಕೆ ಆಗಿರಲಿಲ್ಲ. ಆ ಎರಡು ತಿಂಗಳ ಸೂಚ್ಯಂಕವನ್ನು ಸಚಿವಾಲಯ ಅಂದಾಜಿನಿಂದ ತುಂಬಿತು. ವರ್ಷದ ಸರಾಸರಿಗೆ ಇದರಿಂದ ದೊಡ್ಡ ಪೆಟ್ಟಿಲ್ಲ.

ಈ ಸರಣಿ ಶುರುವಾದದ್ದು 2011ರ ಜನವರಿಯಿಂದ. ಅದಕ್ಕಿಂತ ಹಿಂದಿನ ವರ್ಷ ಬೇಕಾದವರು ಶಿಮ್ಲಾದ ಕಾರ್ಮಿಕ ಬ್ಯೂರೋದ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ ಬಳಸಬಹುದು. ಅಲ್ಲಿ 2020ರ ಸೆಪ್ಟೆಂಬರ್‌ನಿಂದ ಮೂಲ ವರ್ಷ 2016 ಆಗಿದೆ. ಹೊಸ ಅಂಕಿಯನ್ನು 2.88ರಿಂದ ಗುಣಿಸಿದರೆ ಹಳೆಯ 2001ರ ಸರಣಿಗೆ ಕೂಡಿಕೊಳ್ಳುತ್ತದೆ. ಗುಣಿಸದೆ ಹಾಗೇ ಅಂಟಿಸಿದರೆ ಬೆಲೆಗಳು ಒಂದೇ ತಿಂಗಳಲ್ಲಿ ಮೂರನೇ ಒಂದು ಪಾಲಿಗೆ ಇಳಿದ ಹಾಗೆ ಶೀಟ್ ತೋರಿಸುತ್ತದೆ.

ಶೀಟ್ ಕಟ್ಟಿದ್ದು

ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಮಾಡಿದೆ. ಎಕ್ಸೆಲ್‌ನಲ್ಲೂ ಹೀಗೇ ಆಗುತ್ತದೆ. ಹೊಸ ವರ್ಷ ಮೇಲೆ, ಹಳೆಯದು ಕೆಳಗೆ. ಎ ಕಾಲಂನಲ್ಲಿ ವರ್ಷ, ಬಿ-ಯಲ್ಲಿ ಲಾಭ ಕೋಟಿಗಳಲ್ಲಿ, ಸಿ-ಯಲ್ಲಿ ಷೇರುಗಳ ಸಂಖ್ಯೆ, ಡಿ-ಯಲ್ಲಿ ಪ್ರತಿ ಷೇರಿನ ಲಾಭ ಅಂದರೆ ಬಿ ಭಾಗಿಸು ಸಿ. ಇ-ಯಲ್ಲಿ ಆ ವರ್ಷದ ಹಣದುಬ್ಬರ ದರ, ಎಫ್-ನಲ್ಲಿ ಗುಣಕ (ಹಳೆಯ ದುಡ್ಡನ್ನು 2024-25ರ ದುಡ್ಡಿಗೆ ತರುವ ಸಂಖ್ಯೆ), ಜಿ-ಯಲ್ಲಿ ಡಿ ಗುಣಿಸು ಎಫ್.

ಎಫ್ ಕಾಲಂ ಹತ್ತಿರ ಸ್ವಲ್ಪ ನಿಧಾನ ಮಾಡಿ. ಮೇಲಿನ ಸಾಲಿನಲ್ಲಿ, ಅಂದರೆ ಎಫ್2ರಲ್ಲಿ, ಗುಣಕ 1. 2024-25ರ ದುಡ್ಡು ಈಗಾಗಲೇ 2024-25ರ ದುಡ್ಡೇ. ಎಫ್3ರಲ್ಲಿ 2023-24ರ ಲಾಭವನ್ನು ಒಂದು ವರ್ಷ ಮುಂದೆ ತರಬೇಕು. ಅದಕ್ಕೆ ಬೇಕಾದದ್ದು 2024-25ರಲ್ಲಿ ಆದ ಬೆಲೆ ಏರಿಕೆ, ಅಂದರೆ ಇ2. ಅದೇ ಸಾಲಿನ ಇ3 ಅಲ್ಲ. ಸೂತ್ರ ಹೀಗೆ: ಎಫ್3 ಅಂದರೆ ಎಫ್2 ಗುಣಿಸು, 1 ಕೂಡಿಸು ಇ2ರ ಶೇಕಡಾ. ಬಂದದ್ದು 1.046. ಆಮೇಲೆ ಕೆಳಗೆ ಎಳೆದರೆ ಸಾಕು.

ಇಲ್ಲಿ ಒಂದು ಸಾಲು ತಪ್ಪಿದರೆ ಪತ್ತೆಯಾಗುವುದು ಕಷ್ಟ. ತಪ್ಪಾಗಿ ಅದೇ ಸಾಲಿನ ದರ ಹಿಡಿದರೂ ಕೆಳಗಿನ ಕೊನೆಯ ಗುಣಕ 1.551 ಬರುತ್ತದೆ, ಸರಿಯಾದದ್ದು 1.546. ನೋಡಿದವರಿಗೆ ಸರಿ ಇದೆ ಅಂತಲೇ ಕಾಣುತ್ತದೆ. ನಡುವಿನ ವರ್ಷಗಳಲ್ಲಿ ಮಾತ್ರ ವ್ಯತ್ಯಾಸ ಜಾಸ್ತಿ. 2022-23ಕ್ಕೆ 1.102 ಬರಬೇಕಾದಲ್ಲಿ 1.125 ಬರುತ್ತದೆ. ಪರೀಕ್ಷೆ ಮಾಡುವುದಾದರೆ ಕೊನೆಯ ಸಾಲು ನೋಡಬೇಡಿ, ಎರಡನೇ ವರ್ಷದ ಸಾಲು, ಅಂದರೆ ಎಫ್3 ನೋಡಿ. ಅಲ್ಲಿ ತೀರಾ ಇತ್ತೀಚಿನ ವರ್ಷದ ದರವೇ ಕಾಣಬೇಕು.

ಎರಡನೇ ಹುಷಾರು ಪಿಡಿಎಫ್‌ನಿಂದ ಅಂಕಿ ಅಂಟಿಸುವಾಗ. ವಾರ್ಷಿಕ ವರದಿಯಲ್ಲಿ ನಷ್ಟವನ್ನು ಮೈನಸ್ ಹಾಕಿ ಬರೆಯುವುದಿಲ್ಲ, ಕಂಸದಲ್ಲಿ ಹಾಕುತ್ತಾರೆ. ಕಾಪಿ ಮಾಡಿ ಅಂಟಿಸಿದಾಗ ಕಂಸದ ಜೊತೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಬಂದು ಕೂರುತ್ತದೆ. ಶೀಟ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ, ಅಕ್ಷರ ಅಂತ ತಿಳಿಯುತ್ತದೆ. ಆವರೇಜ್ ಸೂತ್ರ ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಅಂದರೆ ನಷ್ಟದ ವರ್ಷಗಳೇ ಲೆಕ್ಕದಿಂದ ಮಾಯ! ಈ ಕಂಪನಿಯ ಹತ್ತು ವರ್ಷದ ಸರಾಸರಿ ಲಾಭ 1,364 ಕೋಟಿ. ಎರಡು ನಷ್ಟದ ವರ್ಷ ಬಿಟ್ಟುಹೋದರೆ ಅದು 2,074 ಕೋಟಿ ಆಗುತ್ತದೆ. ಗುಣಿಸುವ ಕಾಲಂನಲ್ಲಾದರೆ ಎರರ್ ಬರುತ್ತದೆ, ಪತ್ತೆಯಾಗುತ್ತದೆ. ಆದರೆ ಎರರ್ ಚೆಂದ ಕಾಣುವುದಿಲ್ಲ ಅಂತ ಇಫ್‌ಎರರ್ ಹಾಕಿ ಖಾಲಿ ಮಾಡುವವರು ತುಂಬಾ ಜನ. ಆಗ ಅಲ್ಲಿಯೂ ನಷ್ಟ ಮಾಯ.

ನಾನು ಅಂಟಿಸಲಿಲ್ಲ, ಕೈಯಲ್ಲೇ ಟೈಪ್ ಮಾಡಿದೆ. ಹತ್ತು ಸಂಖ್ಯೆ ತಾನೆ. ಜೊತೆಗೆ ಕೆಳಗೆ ಒಂದು ಕೌಂಟ್ ಸೂತ್ರ ಇಟ್ಟೆ. ಅದು 10 ಅಂತ ತೋರಿಸದಿದ್ದರೆ ಉತ್ತರದ ಸೆಲ್ ಹಳದಿ ಆಗುತ್ತದೆ. ಸಣ್ಣ ಕೆಲಸ, ಆದರೆ ಈ ಇಡೀ ಶೀಟಿನಲ್ಲಿ ನನಗೆ ಅತ್ಯಂತ ಭರವಸೆ ಕೊಡುವ ಸೆಲ್ ಅದೇ.

ಅಂಕಿಗಳು

ಲಾಭವನ್ನು ಹತ್ತಿರದ 10 ಕೋಟಿಗೆ ಸರಿಪಡಿಸಿದ್ದೇನೆ. ಕ್ರಮ: ಲಾಭ ಕೋಟಿಗಳಲ್ಲಿ, ಪ್ರತಿ ಷೇರಿಗೆ, ಗುಣಕ, ಕೊನೆಗೆ 2024-25ರ ರೂಪಾಯಿಯಲ್ಲಿ ಪ್ರತಿ ಷೇರಿಗೆ.

2024-25: 50 | 0.29 | 1.000 | 0.29
2023-24: 3,600 | 20.54 | 1.046 | 21.48
2022-23: 2,640 | 15.06 | 1.102 | 16.60
2021-22: 2,960 | 16.89 | 1.176 | 19.86
2020-21: −240 | −1.37 | 1.241 | −1.70
2019-20: −2,710 | −15.46 | 1.318 | −20.38
2018-19: 330 | 1.88 | 1.381 | 2.60
2017-18: 2,220 | 12.67 | 1.428 | 18.09
2016-17: 3,640 | 20.77 | 1.480 | 30.74
2015-16: 1,150 | 6.56 | 1.546 | 10.14

ಕೊನೆಯ ಕಾಲಂನ ಮೊತ್ತ 97.72. ಹತ್ತರಿಂದ ಭಾಗಿಸಿದರೆ 9.77 ರೂಪಾಯಿ. 130ನ್ನು 9.77ರಿಂದ ಭಾಗಿಸಿದರೆ 13.3.

448 ಅಲ್ಲ, 6.3 ಕೂಡ ಅಲ್ಲ. 13.3.

ಹಣದುಬ್ಬರ ಸೇರಿಸದೆ ಸುಮ್ನೆ ಸರಾಸರಿ ಮಾಡಿದರೆ ಪ್ರತಿ ಷೇರಿಗೆ 7.78 ರೂಪಾಯಿ, ಭಾಗಿಸಿದರೆ 16.7. ಹಣದುಬ್ಬರದ ಕೆಲಸ ಎಷ್ಟು ಅಂತ ಇಲ್ಲಿ ಕಾಣುತ್ತದೆ. 2016-17 ಮತ್ತು 2023-24 ನೋಡಿ. ಎರಡರಲ್ಲೂ ಲಾಭ 3,600 ಕೋಟಿಯ ಆಚೀಚೆ. ಕಾಗದದಲ್ಲಿ ಒಂದೇ. ಆದರೆ ಏಳು ವರ್ಷ ಮೊದಲಿನ ಆ ದುಡ್ಡಿಗೆ ಸಾಮಾನು ಜಾಸ್ತಿ ಬರುತ್ತಿತ್ತು. ಇಂದಿನ ರೂಪಾಯಿಯಲ್ಲಿ ಒಂದು 30.74, ಇನ್ನೊಂದು 21.48. ಮೂರನೇ ಒಂದು ಪಾಲಿನಷ್ಟು ವ್ಯತ್ಯಾಸ.

ನಷ್ಟಕ್ಕೂ ಗುಣಕ ಹಾಕಬೇಕಾ ಅಂತ ಕೆಲವರು ಕೇಳುತ್ತಾರೆ. ಹಾಕಬೇಕು. 2019-20ರಲ್ಲಿ ಕಳೆದುಕೊಂಡ 15.46 ರೂಪಾಯಿ ಆಗಿನ ರೂಪಾಯಿ. ಇಂದಿನದಕ್ಕೆ ತಂದರೆ 20.38.

ಮಾಷ್ಟ್ರ ತಕರಾರು

ಶೀಟನ್ನು ಮಾಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಬೆರಳು 2019-20ರ ಮೇಲೆ ನಿಂತಿತು. "ಇದನ್ನು ಯಾಕೆ ಸೇರಿಸಿದ್ದು? ಆ ವರ್ಷ ಕೊರೊನಾ ಅಲ್ವಾ? ಪುನಃ ಹಾಗೆ ಬರ್ಲಿಕ್ಕಿಲ್ಲ."

ಅವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. 2020ರ ಮಾರ್ಚ್‌ನಲ್ಲಿ ಕಚ್ಚಾ ತೈಲ ಕುಸಿದು ಟ್ಯಾಂಕಿನಲ್ಲಿದ್ದ ಮಾಲಿನ ಮೇಲೆಯೇ ಭಾರೀ ನಷ್ಟವಾಯಿತು. ಆದರೆ ಅದೇ ಲೆಕ್ಕದ ವರ್ಷದ ಶುರುವಿನಲ್ಲಿ, 2019ರ ಬೇಸಿಗೆಯಲ್ಲಿ, ನೇತ್ರಾವತಿಯಲ್ಲಿ ನೀರಿಲ್ಲದೆ ರಿಫೈನರಿಯ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಗಿತ್ತು. ನಮ್ಮ ನಲ್ಲಿಗಳಿಗೂ ಆಗ ದಿನ ಬಿಟ್ಟು ದಿನ ನೀರು. ಕಂಪನಿ ತಣ್ಣೀರುಬಾವಿಯಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕ ಹಾಕಿದ್ದು ಇಂಥ ಬೇಸಿಗೆಗಳಿಗಾಗಿಯೇ. ಅದಕ್ಕೂ ಕೊರೊನಾಕ್ಕೂ ಸಂಬಂಧ ಇಲ್ಲ.

"ಸರಿ ಮಾಷ್ಟ್ರೇ, ತೆಗೆದು ನೋಡುವ" ಅಂತ ಆ ಒಂದು ಸಾಲು ತೆಗೆದೆ. ಒಂಬತ್ತು ವರ್ಷದ ಸರಾಸರಿ 13.12ಕ್ಕೆ ಏರಿತು. ಪಿಇ 9.9ಕ್ಕೆ ಇಳಿಯಿತು. "ನೋಡು, ಷೇರು ಚೀಪ್ ಉಂಟು" ಅಂದರು. ಆಗ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 2014-15. ಆ ವರ್ಷ ನಷ್ಟ 1,710 ಕೋಟಿ. ಆಗ ಕೊರೊನಾ ಇರಲಿಲ್ಲ. ನೂರು ಡಾಲರ್ ಮೇಲಿದ್ದ ಕಚ್ಚಾ ತೈಲ ಆರೇಳು ತಿಂಗಳಲ್ಲಿ ಐವತ್ತಕ್ಕಿಂತ ಕೆಳಗೆ ಬಿದ್ದಿತ್ತು. ಇಂದಿನ ರೂಪಾಯಿಯಲ್ಲಿ ಪ್ರತಿ ಷೇರಿಗೆ 15.83 ನಷ್ಟ. ತೆಗೆದ ಸಾಲು ವಾಪಸ್ ಹಾಕಿ, ಹನ್ನೊಂದು ವರ್ಷದ ಸರಾಸರಿ ಮಾಡಿದರೆ 7.44. ಪಿಇ 17.5.

ಒಂದು ಸಾಲು ತೆಗೆದರೆ 9.9, ಒಂದು ಸಾಲು ಸೇರಿಸಿದರೆ 17.5. ಷೇರಿನ ಬೆಲೆ ಅಲುಗಾಡಲೇ ಇಲ್ಲ.

ಮಾಷ್ಟ್ರು ಸುಮಾರು ಹೊತ್ತು ಸುಮ್ಮನಿದ್ದು, "ಹಾಗಾದರೆ ಹನ್ನೊಂದು ವರ್ಷದಲ್ಲಿ ಮೂರು ವರ್ಷ ನಷ್ಟ, ಎರಡು ವರ್ಷ ಹೆಚ್ಚುಕಡಿಮೆ ಸೊನ್ನೆ" ಅಂದರು. ಪ್ರತಿ ಸಲ ಕಾರಣ ಬೇರೆ ಇರಬಹುದು. ನಷ್ಟದ ವರ್ಷ ಬರುವುದು ಮಾತ್ರ ಈ ವ್ಯಾಪಾರದ ಒಂದು ಭಾಗ. ಲಾಭದ ವರ್ಷಗಳಿಗೂ ವಿಶೇಷ ಕಾರಣ ಇದ್ದೇ ಇರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಡೀಸೆಲ್ ಬೆಲೆ ಜಗತ್ತಿನಲ್ಲೆಲ್ಲ ಹಾರಿತು, ರಿಫೈನರಿಗಳಿಗೆ ಒಳ್ಳೆಯ ದುಡ್ಡು ಬಂತು. ಆ ಯುದ್ಧವೂ ಅಪರೂಪದ್ದೇ. ಅದನ್ನು ತೆಗೆಯಿರಿ ಅಂತ ಯಾರೂ ಹೇಳುವುದಿಲ್ಲ. ಸರಾಸರಿ ಮಾಡಲು ಹೊರಟವರು ಕೆಟ್ಟ ವರ್ಷವನ್ನು ಕೈಬಿಡಬಾರದು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

13.3ನ್ನು ಏನು ಮಾಡುವುದು

ಅದನ್ನು ತಿರುಗಿಸಿ ನೋಡಿದರೆ ಅರ್ಥ ಮಾಡಿಕೊಳ್ಳುವುದು ಸುಲಭ. 9.77ನ್ನು 130ರಿಂದ ಭಾಗಿಸಿದರೆ 7.5%. ಅಂದರೆ ಮುಂದಿನ ಹತ್ತು ವರ್ಷ ಹಿಂದಿನ ಹತ್ತರ ಹಾಗೇ ಇದ್ದರೆ, ಈ ಬೆಲೆಗೆ ಕೊಂಡವರ ಪಾಲಿಗೆ ಹಣದುಬ್ಬರ ಕಳೆದು ವರ್ಷಕ್ಕೆ ಸರಾಸರಿ 7.5% ಲಾಭ ಕಂಪನಿಯೊಳಗೆ ಹುಟ್ಟುತ್ತದೆ. 7% ಬಡ್ಡಿಯ ಎಫ್‌ಡಿ ಇದ್ದು ಬೆಲೆ ಏರಿಕೆ 4.6% ಆದರೆ ಕೈಗೆ ಉಳಿಯುವುದು 2.4%. ಹಾಗೆ ಹೋಲಿಸಿದರೆ ಷೇರು ಚೆಂದ ಕಾಣುತ್ತದೆ. ಆದರೆ ಎಫ್‌ಡಿ ಬಡ್ಡಿ ಖಾತೆಗೆ ಬಂದು ಬೀಳುತ್ತದೆ. ಕಂಪನಿ ತನ್ನ ಲಾಭವನ್ನೆಲ್ಲ ಡಿವಿಡೆಂಡ್ ಆಗಿ ಕೊಡುವುದಿಲ್ಲ. ಸಾಲ ತೀರಿಸಬಹುದು, ಹೊಸ ಘಟಕ ಹಾಕಬಹುದು. ಆ ಹಣ ಒಳ್ಳೆಯ ರೀತಿಯಲ್ಲಿ ಬಳಕೆಯಾಯಿತೇ ಅನ್ನುವುದನ್ನು ಈ ಶೀಟ್ ಹೇಳುವುದಿಲ್ಲ.

ಬೆಲೆಯ ಬಗ್ಗೆಯೂ ಒಂದು ಮಾತು. ಈ ಕಂಪನಿಯಲ್ಲಿ ಸರ್ಕಾರಿ ತೈಲ ಕಂಪನಿಗಳಾದ ಓಎನ್‌ಜಿಸಿ ಪಾಲು 71.63%, ಎಚ್‌ಪಿಸಿಎಲ್ ಪಾಲು 16.96%. ಪೇಟೆಯಲ್ಲಿ ಕೈ ಬದಲಾಯಿಸುವುದು ಉಳಿದ 11 ಚಿಲ್ಲರೆ ಶೇಕಡಾ. ಇಷ್ಟು ಕಡಿಮೆ ಷೇರು ಓಡಾಡುವಲ್ಲಿ ಬೆಲೆ ಜಿಗಿಯುವುದೂ ಬೀಳುವುದೂ ಬೇಗ. ಒಂದು ದಿನದ ಬೆಲೆ ಹಾಕಬೇಡಿ, ಮೂರು ತಿಂಗಳ ಸರಾಸರಿ ಬೆಲೆ ಹಾಕಿದರೆ ಒಳ್ಳೆಯದು. 130 ಅನ್ನುವುದು ನಾನು ಲೆಕ್ಕಕ್ಕೆ ಇಟ್ಟುಕೊಂಡ ದುಂಡು ಸಂಖ್ಯೆ. ನೀವು ನಿಮ್ಮ ದಿನದ ಬೆಲೆ ಹಾಕಿಕೊಳ್ಳಿ.

ಬ್ಯಾಂಕುಗಳ ಹಾಳೆ

ಇದೇ ಶೀಟಿನಲ್ಲಿ ಇನ್ನೊಂದು ಹಾಳೆ ತೆರೆದು ನಮ್ಮೂರ ಬ್ಯಾಂಕುಗಳನ್ನು ಹಾಕಲು ಹೊರಟೆ. ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ಈ ಷೇರುಗಳಿವೆ. ಇಲ್ಲಿ ಕೆಲಸ ತುಂಬಾ ಜಾಸ್ತಿ.

ಕರ್ಣಾಟಕ ಬ್ಯಾಂಕ್ ತೆಗೆದುಕೊಳ್ಳಿ. 2016ರಲ್ಲಿ ರೈಟ್ಸ್ ಇಶ್ಯೂ (ಇದ್ದ ಷೇರುದಾರರಿಗೇ ಹೊಸ ಷೇರು ಮಾರುವುದು), 2020ರಲ್ಲಿ ಹತ್ತಕ್ಕೆ ಒಂದು ಬೋನಸ್, 2023-24ರಲ್ಲಿ ದೊಡ್ಡ ಹೂಡಿಕೆದಾರರಿಗೆ ಹೊಸ ಷೇರು. ಬೋನಸ್‌ನಲ್ಲಿ ಹೊರಗಿನಿಂದ ದುಡ್ಡು ಬರುವುದಿಲ್ಲ, ಹತ್ತು ಷೇರು ಹನ್ನೊಂದಾಗುತ್ತದೆ ಅಷ್ಟೆ. ಹಾಗಾಗಿ ಅದಕ್ಕಿಂತ ಹಿಂದಿನ ಪ್ರತಿ ಷೇರಿನ ಲಾಭವನ್ನೆಲ್ಲ ಹತ್ತರಿಂದ ಗುಣಿಸಿ ಹನ್ನೊಂದರಿಂದ ಭಾಗಿಸಬೇಕು. ಹೊಸ ದುಡ್ಡು ತಂದ ಷೇರುಗಳಿಗೆ ಹಾಗೆ ಮಾಡಬಾರದು. ಆ ಬಂಡವಾಳದಿಂದ ಬ್ಯಾಂಕು ಮುಂದೆ ಲಾಭ ಮಾಡುತ್ತದೆ. ಅಲ್ಲಿ ಆಯಾ ವರ್ಷ ಇದ್ದಷ್ಟೇ ಷೇರಿನ ಸಂಖ್ಯೆ ಇಡಬೇಕು. ಪೇಟೆ ಬೆಲೆಗಿಂತ ಕಡಿಮೆಗೆ ಕೊಟ್ಟ ರೈಟ್ಸ್‌ನಲ್ಲಿ ಒಂದು ತುಂಡು ಬೋನಸ್ ಅಡಗಿರುತ್ತದೆ. ಆ ವರ್ಷದ ವಾರ್ಷಿಕ ವರದಿಯಲ್ಲಿ ಅದಕ್ಕೆ ತಿದ್ದಿದ ಇಪಿಎಸ್, ಅಂದರೆ ಪ್ರತಿ ಷೇರಿನ ಲಾಭ, ಕೊಟ್ಟಿರುತ್ತಾರೆ, ಅದನ್ನೇ ಬಳಸಿ.

ಕೆನರಾ ಬ್ಯಾಂಕಿಗೆ ಬಂದಾಗ ಹಾಳೆ ಅಲ್ಲಿಗೇ ನಿಲ್ಲಿಸಿದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಅದರಲ್ಲಿ ಸೇರಿತು. ಸಾವಿರ ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಸಿಕ್ಕವು. 2024ರ ಮೇ ತಿಂಗಳಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರು ಎರಡು ರೂಪಾಯಿಯ ಐದು ಷೇರಾಯಿತು. ಷೇರು ಒಡೆದದ್ದನ್ನು ಐದರಿಂದ ಭಾಗಿಸಿ ಸರಿಮಾಡಬಹುದು. ವಿಲೀನವನ್ನು ಹಾಗೆ ಮಾಡಲಿಕ್ಕಾಗುವುದಿಲ್ಲ. 2020ಕ್ಕಿಂತ ಹಿಂದಿನ ಕೆನರಾದ ಲಾಭ ಇನ್ನೊಂದೇ ಬ್ಯಾಂಕಿನದ್ದು. ವಿಜಯಾ ಬ್ಯಾಂಕ್ ಷೇರಿದ್ದವರಿಗೆ ಸಾವಿರಕ್ಕೆ 402 ಬ್ಯಾಂಕ್ ಆಫ್ ಬರೋಡಾ ಷೇರು, ಕಾರ್ಪೊರೇಷನ್ ಬ್ಯಾಂಕಿನವರಿಗೆ ಸಾವಿರಕ್ಕೆ 330 ಯೂನಿಯನ್ ಬ್ಯಾಂಕ್ ಷೇರು ಬಂದವು. ಅವರ ಕೈಯಲ್ಲಿ ಇವತ್ತು ಇರುವ ಕಂಪನಿಗೆ ಹತ್ತು ವರ್ಷದ ಇತಿಹಾಸವೇ ಇಲ್ಲ. ವಿಲೀನವಾದ ವರ್ಷದಿಂದ ಎಣಿಸಿ, ಹತ್ತು ತುಂಬುವವರೆಗೆ ಕಾಯುವುದೇ ಪ್ರಾಮಾಣಿಕ ದಾರಿ ಅಂತ ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಇಂಥ ಬ್ಯಾಂಕಿಗೆ ಬೇರೆ ಅಳತೆ ಹುಡುಕಬೇಕು.

ವೇಗವಾಗಿ ಬೆಳೆಯುವ ಕಂಪನಿಗೂ ಈ ಅಳತೆ ಅನ್ಯಾಯ ಮಾಡುತ್ತದೆ. ಲಾಭ ವರ್ಷಕ್ಕೆ 15% ಏರುತ್ತಾ, ಹಣದುಬ್ಬರ 5% ಇದ್ದರೆ, ಹತ್ತು ವರ್ಷದ ಸರಾಸರಿ ಇತ್ತೀಚಿನ ಲಾಭದ 69% ಮಾತ್ರ ಆಗುತ್ತದೆ. ಮಾಮೂಲಿ ಪಿಇ 20 ಇದ್ದರೆ ಇಲ್ಲಿ 29 ಕಾಣುತ್ತದೆ. ಅದನ್ನು ನೋಡಿ ದುಬಾರಿ ಅನ್ನಬಾರದು. ಏರಿಳಿಯುವ ವ್ಯಾಪಾರಗಳಿಗೆ, ಅಂದರೆ ರಿಫೈನರಿ, ಉಕ್ಕು, ಸಿಮೆಂಟ್, ಗೊಬ್ಬರದಂಥವಕ್ಕೆ, ಇದು ಹೇಳಿ ಮಾಡಿಸಿದ್ದು.

ಕೊನೆಗೆ ಸೇರಿಸಿದ ಕಾಲಂ

ಹೊಸ ವರ್ಷದ ಫಲಿತಾಂಶ ಬಂದಾಗ ಮೇಲೆ ಒಂದು ಸಾಲು ಸೇರಿಸಬೇಕು. ಅದರ ಗುಣಕ 1, ಕೆಳಗಿನವೆಲ್ಲ ತಾನಾಗಿ ಬದಲಾಗುತ್ತವೆ. ಹತ್ತರ ಕಿಟಕಿಯಿಂದ ಕೆಳಗಿನ ಒಂದು ವರ್ಷ ಹೊರಗೆ ಹೋಗುತ್ತದೆ. ಹೀಗೆ ಹೊರಗೆ ಹೋಗುವ ವರ್ಷವೇ ಮುಖ್ಯ ಅಂತ 2014-15ರ ಸಾಲು ಸೇರಿಸಿದಾಗ ಗೊತ್ತಾಗಿತ್ತು. ಅದಕ್ಕಾಗಿ ಎಚ್ ಕಾಲಂ ಮಾಡಿದೆ: ಸರಾಸರಿ ಕೆಳಗಿಳಿಯದೆ ಇರಲು ಹೊಸ ವರ್ಷದಲ್ಲಿ ಎಷ್ಟು ಲಾಭ ಬೇಕು. ಲೆಕ್ಕ ಸರಳ. ಹೊರಗೆ ಹೋಗುವ ವರ್ಷದ ಜಿ ಕಾಲಂ ಸಂಖ್ಯೆಯನ್ನು ಷೇರುಗಳ ಸಂಖ್ಯೆಯಿಂದ ಗುಣಿಸುವುದು.

ಮೊದಲು ಹೊರಹೋಗುವುದು 2015-16. ಅದರ 10.14 ರೂಪಾಯಿಯನ್ನು 175.26 ಕೋಟಿಯಿಂದ ಗುಣಿಸಿದರೆ ಸುಮಾರು 1,780 ಕೋಟಿ, 2024-25ರ ರೂಪಾಯಿಯಲ್ಲಿ. ಅಷ್ಟು ಲಾಭ ಬಂದರೆ ಸರಾಸರಿ ಇದ್ದಲ್ಲೇ ಇರುತ್ತದೆ. ಇದು ಆಗಬಹುದಾದ ಸಂಖ್ಯೆ. ಅದರ ಮರುವರ್ಷ ಹೊರಹೋಗುವುದು 2016-17. 30.74 ರೂಪಾಯಿ, ಅಂದರೆ ಸುಮಾರು 5,390 ಕೋಟಿ. ಈ ಪಟ್ಟಿಯಲ್ಲಿ ಅಷ್ಟು ದೊಡ್ಡ ವರ್ಷ ಇನ್ನೊಂದಿಲ್ಲ. ಆ ವರ್ಷ ಹೊಸ ದಾಖಲೆ ಆಗದಿದ್ದರೆ ಷೇರಿನ ಬೆಲೆ ಒಂದು ರೂಪಾಯಿ ಏರದೆಯೂ ಈ 13.3 ಮೇಲೆ ಹೋಗುತ್ತದೆ.

ಇದನ್ನು ಮಾಷ್ಟ್ರಿಗೆ ಹೇಳಿದೆ. "ಹಾಗಾದರೆ 448 ನೋಡಿ ಈಗ ಮಾರುವುದು ಬೇಡ. 2016-17 ಹೊರಗೆ ಹೋದ ಮೇಲೆ ಪುನಃ ಕೂತು ನೋಡುವ" ಅಂದರು. ಶೀಟಿನ ಒಂದು ಪ್ರಿಂಟ್ ತೆಗೆದು ಕೊಟ್ಟಿದ್ದೇನೆ, ಎಚ್ ಕಾಲಂ ಸೇರಿಸಿ.